ಮುಂದಿನ ಸೀಟಿನ ಅಕ್ಕೋರು

ಕಾರಿನ ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಬಿಗಿದುಕೊಂಡ ಕೂಡಲೇ ಅವರು ಬಲಗೈ ಹೆಬ್ಬೆರಳನ್ನು ಪಟ್ಟಿಯ ಅಡಿಗೆ ತೂರಿಸಿ, ಅದನ್ನು ಎದೆಯಿಂದ ಒಂದು ಗೇಣು ಮುಂದಕ್ಕೆ ಎಳೆದು ಹಿಡಿದುಕೊಳ್ಳುತ್ತಿದ್ದರು. ಇಳಕಲ್ ಸೀರೆಯ ಸೆರಗು ಮುದುಡಬಾರದು ಎಂಬುದು ಅದಕ್ಕೆ ಅವರು ಕೊಡುತ್ತಿದ್ದ ಅಧಿಕೃತ ಕಾರಣ. ವರ್ಷಗಟ್ಟಲೆ ಸೀಮೆಸುಣ್ಣ ಹಿಡಿದು ಚಪ್ಪಟೆಯಾದ ಆ ಹೆಬ್ಬೆರಳು, ಸೀರೆಯ ಅಂಚಿನ ಕೆಳಗೆ ಮೊಮ್ಮಗಳು ಕೊಡಿಸಿದ ಬಿಳಿ ಸ್ಪೋರ್ಟ್ಸ್ ಶೂ, ಗಾಜಿನಾಚೆಯ ಫ್ರೀವೇ ಹೆದ್ದಾರಿಯ ಮೇಲೆ ನೆಟ್ಟ ದೃಷ್ಟಿ: ನನ್ನ ನೆನಪಿನಲ್ಲಿ ಅವರು ಯಾವಾಗಲೂ ಹೀಗೆಯೇ ಕೂತಿರುತ್ತಾರೆ. ನಾವು ಮಾತಿನ ನಡುವೆ ಏನಾದರೂ ಸುಳ್ಳು ಹೇಳಿದರೆ, ಅಥವಾ ನಿಜವನ್ನೇ ಸ್ವಲ್ಪ ಇಸ್ತ್ರಿ ಮಾಡಿ ಹೇಳಿದರೆ, ಹೆಬ್ಬೆರಳು ಪಟ್ಟಿಯನ್ನು ಬಿಟ್ಟುಬಿಡುತ್ತಿತ್ತು. ಟಪ್. ಅಷ್ಟೇ. ಅವರು ತಿರುಗಿಯೂ ನೋಡುತ್ತಿರಲಿಲ್ಲ. ಆ ಸದ್ದು ಕೇಳಿದವನು ಮುಂದಿನ ಸಿಗ್ನಲ್ಲು ಬರುವುದರೊಳಗೆ ತಾನಾಗಿಯೇ ಹೇಳಿಕೆ ತಿದ್ದಿಕೊಳ್ಳುತ್ತಿದ್ದ.

ಅವರು ಧಾರವಾಡದ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಕಲಿಸಿ ನಿವೃತ್ತರಾದವರು. ಮಗ, ಸೊಸೆ, ಮೊಮ್ಮಗಳ ಜೊತೆ ಸ್ಯಾನ್ ಹೋಸೆಯ ಎವರ್‌ಗ್ರೀನ್ ಬಡಾವಣೆಯಲ್ಲಿ, ನಮ್ಮ ಮನೆಗಿಂತ ಸ್ವಲ್ಪ ಮೇಲೆ, ಗುಡ್ಡದ ತಿರುವಿನಲ್ಲಿ ಇದ್ದರು. ಅವರ ಸೀಮೆಯಲ್ಲಿ ಪಾಠ ಹೇಳುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಮೈಸೂರಿನವನಾದ ನಾನು ಮೊದಲ ದಿನ ತಕ್ಕ ಗಾಂಭೀರ್ಯದಿಂದ ‘ಮೇಡಂ’ ಅಂದೆ. “ಮೇಡಂ ಅಂದ್ರ ನನ್ನ ಹಿಂದ ಯಾರೋ ನಿಂತಾರೇನೋ ಅಂತ ತಿರುಗಿ ನೋಡ್ಬೇಕನಸ್ತದ್ರೀ” ಅಂದರು. ಅಲ್ಲಿಂದ ನನಗೂ ಅವರು ಅಕ್ಕೋರೇ. ಸುತ್ತಿನ ಕಾಲೇಜು ಹುಡುಗ ಹುಡುಗಿಯರಿಗಂತೂ ಅದೇ ಅವರ ಹೆಸರು. ಕನ್ನಡದ ಗಂಧವಿಲ್ಲದ ಮನೆಗಳ ಮಕ್ಕಳು ಕೂಡ ‘ಅಕ್ಕೋರು ಆಂಟಿ’ ಅನ್ನುತ್ತಿದ್ದರು.

ಸ್ಯಾನ್ ಹೋಸೆಯಲ್ಲಿ ಗಾಡಿ ಓಡಿಸಲು ಬಾರದವರನ್ನು ಸಮಾಜವು ಹಾಸಿಗೆ ಹಿಡಿದವರನ್ನು ನೋಡುವಂತೆ ಕನಿಕರದಿಂದ ನೋಡುತ್ತದೆ. ಅಕ್ಕೋರಿಗೆ ಗಾಡಿ ಬರುತ್ತಿರಲಿಲ್ಲ. ಕಲಿಯುವ ಉದ್ದೇಶವೂ ಇರಲಿಲ್ಲ. ಆ ಕೊರತೆಯ ಅಡಿಪಾಯದ ಮೇಲೆಯೇ ಅವರು ಒಂದು ವಿದ್ಯಾಪೀಠವನ್ನು ಕಟ್ಟಿದರು. ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ ಅನ್ನುವವರು, ಯಾವ ವಿಷಯವನ್ನು ಮೇಜರ್ ಆಗಿ ತೆಗೆದುಕೊಳ್ಳಲಿ ಎಂದು ತೋಚದವರು, ಪರೀಕ್ಷೆಯ ಹಿಂದಿನ ದಿನ ಕಂಗಾಲಾಗುವವರು, ಯಾರೇ ಬರಲಿ, ತಮ್ಮ ಗಾಡಿಯಲ್ಲಿ ಅಕ್ಕೋರನ್ನು ಬೆರ್ರಿಯೆಸಾ ಕಡೆಯ ಇಂಡಿಯನ್ ಗ್ರೋಸರಿಗೆ ಕರೆದುಕೊಂಡು ಹೋಗಿ ವಾಪಸ್ ತಂದುಬಿಡಬೇಕು. ಪಾಠ ನಡೆಯುವುದು ಹೋಗುವ ಬರುವ ದಾರಿಯಲ್ಲಿ. ಅವರ ಮನೆಯ ಸೋಫಾದ ಮೇಲೆ ಕೂತು ಕೇಳಿದರೆ ಚಹಾ ಸಿಗುತ್ತಿತ್ತು, ಚುರುಮುರಿ ಸಿಗುತ್ತಿತ್ತು, ಉಪದೇಶ ಸಿಗುತ್ತಿರಲಿಲ್ಲ.

“ಎದರಾಬದರಾ ಕೂತ್ರ ಮಂದಿ ಒಬ್ಬರ ಮಾರಿ ಒಬ್ಬರು ನೋಡಿ ಮಾತಾಡ್ತಾರ. ಗಾಡ್ಯಾಗ ಇಬ್ಬರೂ ರಸ್ತಾ ನೋಡ್ತಿರ್ತೀವಿ. ನಾಚಿಕಿ ಕಡಿಮಿ, ಖರೇ ಜಾಸ್ತಿ” ಎಂದು ಒಮ್ಮೆ ವಿವರಿಸಿದರು. “ಮತ್ತ ಸ್ಟೇರಿಂಗ್ ಹಿಡದವಗ ಪುಸ್ತಕ ತಗದು ನೋಡ್ಲಿಕ್ಕೆ ಬರೂದಿಲ್ಲ, ಫೋನ್ ನೋಡ್ಲಿಕ್ಕೆ ಬರೂದಿಲ್ಲ. ತಲ್ಯಾಗ ಇದ್ದದ್ದಷ್ಟೇ ಹೇಳ್ಬೇಕು. ಇಷ್ಟ ಚಲೋ ಕ್ಲಾಸ್‌ರೂಮ್ ನನಗ ಧಾರವಾಡದಾಗ ಸಿಕ್ಕಿದ್ದಿಲ್ಲ ನೋಡ್ರಿ.”

ಯಾರಾದರೂ ಅವರನ್ನು ಕೌನ್ಸೆಲರ್ ಎಂದು ಪರಿಚಯಿಸಿದರೆ ಕೂಡಲೇ ತಿದ್ದುತ್ತಿದ್ದರು. “ಇಲ್ಲೆ ಅದಕ್ಕ ಲೈಸೆನ್ಸ್ ಬೇಕು. ನನ್ನ ಕಡೆ ಯಾವ ಲೈಸೆನ್ಸೂ ಇಲ್ಲ. ನಾ ಪ್ಯಾಸೆಂಜರ್.” ಇದು ಬರಿಯ ತಮಾಷೆಯಲ್ಲ. ಊಟ ನಿದ್ದೆ ಬಿಟ್ಟು ಮಂಕಾದ ಮಕ್ಕಳು ಬಂದರೆ, “ತಂಗಿ, ಇದು ಗ್ರೋಸರಿಗೆ ಹೋಗಿ ಬರೂದರಾಗ ಮುಗಿಯೂದಲ್ಲ” ಎಂದು ಹೇಳಿ, ಅದೇ ಗಾಡಿಯಲ್ಲಿ ಕೂತು ಅವರ ಕಾಲೇಜಿನ ಕೌನ್ಸೆಲರ್ ಬಾಗಿಲ ತನಕ ಹೋಗಿ, ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದರು.

ವಿದ್ಯಾಪೀಠ ಅಂದಮೇಲೆ ಸಂವಿಧಾನ ಬೇಕಲ್ಲ. ಅದೂ ಇತ್ತು. ಮೊದಲ ಸಲ ಬರುವ ವಿದ್ಯಾರ್ಥಿ ಪೋಷಕರಲ್ಲಿ ಒಬ್ಬರನ್ನು ಕರೆತರಬೇಕು. ಪೋಷಕರ ಸ್ಥಾನ ಹಿಂದಿನ ಸೀಟು. ಹಿಂದಿನ ಸೀಟಿಗೆ ಕಿವಿ ಉಂಟು, ಬಾಯಿ ಇಲ್ಲ. “ಮನ್ಯಾಗ ಯಾರೂ ಯಾರ ಮಾತೂ ಮುಗಿಯೂತನಕ ಕೇಳೂದಿಲ್ಲ. ಇಲ್ಲೆರೆ ಕೇಳ್ಲಿ” ಅನ್ನುವುದು ಅದರ ಹಿಂದಿನ ತತ್ತ್ವ. ತಡೆಯಲಾರದೆ ಬಾಯಿ ಹಾಕಿದ ತಂದೆತಾಯಿಗಳಿಗೆ ಶಿಕ್ಷೆಯೂ ಇತ್ತು. ಗ್ರೋಸರಿ ತಲುಪಿದ ಮೇಲೆ ಅಕ್ಕೋರು ಬಹಳ ಮರ್ಯಾದೆಯಿಂದ, “ಹೋಗಿ ಕೊತ್ತಂಬರಿ ತಗೊಂಬರ್ರಿ. ಎಲಿ ಎಲಿ ನೋಡಿ ಆರಿಸ್ರಿ, ಗಡಿಬಿಡಿ ಇಲ್ಲ” ಎಂದು ಅವರನ್ನು ಒಳಗೆ ಅಟ್ಟಿ, ಪಾರ್ಕಿಂಗ್ ಲಾಟಿನಲ್ಲಿ ಮಗುವಿನ ಜೊತೆ ಉಳಿದ ಮಾತು ಮುಗಿಸುತ್ತಿದ್ದರು. ಆಫೀಸಿನಲ್ಲಿ ದೊಡ್ಡ ಟೀಮುಗಳನ್ನು ಕುಣಿಸುವ ಡೈರೆಕ್ಟರುಗಳು, ಹೃದಯವನ್ನೇ ಬಿಚ್ಚಿ ಹೊಲಿಯುವ ಡಾಕ್ಟರುಗಳು, ಎಲ್ಲರೂ ಆ ಅಂಗಡಿಯ ಸೊಪ್ಪಿನ ಮುಂದೆ ತಲೆ ತಗ್ಗಿಸಿ ನಿಂತವರೇ. ಎವರ್‌ಗ್ರೀನಿನಲ್ಲಿ ಯಾರ ಮನೆಯ ಸಾರಿನಲ್ಲಾದರೂ ಕೊತ್ತಂಬರಿ ವಿಪರೀತ ತೇಲುತ್ತಿದ್ದರೆ, ಆ ಮನೆಯ ಯಜಮಾನ ಹಿಂದಿನ ಸೀಟಿನಲ್ಲಿ ಬಾಯಿ ತೆರೆದಿದ್ದಾನೆ ಎಂದು ನಾವು ತಿಳಿದುಕೊಳ್ಳುತ್ತಿದ್ದೆವು.

ಇನ್ನು ನನ್ನ ಪ್ರಕರಣ. ನಾನು ಅರ್ಧ ಆಯುಷ್ಯವನ್ನು ಒಂದೇ ಚಿಪ್ ಕಂಪನಿಯಲ್ಲಿ ಕಳೆದೆ. ಬೇರೆಯವರು ವಿನ್ಯಾಸ ಮಾಡಿದ ಚಿಪ್ಪುಗಳಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಒಂದು ಬೆಳಿಗ್ಗೆ ಆ ಘನ ಸಂಸ್ಥೆಯು ನನ್ನ ಸೇವೆಯನ್ನು ಹೃತ್ಪೂರ್ವಕವಾಗಿ ಕೊಂಡಾಡಿ, ಅದೇ ಈಮೇಲಿನ ಎರಡನೆಯ ಪ್ಯಾರಾದಲ್ಲಿ ಆ ಸೇವೆ ಇನ್ನು ಸಾಕೆಂದು ತಿಳಿಸಿತು. ಬೇ ಏರಿಯಾದಲ್ಲಿ ಕೆಲಸ ಕಳೆದುಕೊಂಡ ಕನ್ನಡಿಗರು ಒಬ್ಬರೂ ಇಲ್ಲ. ಕನ್ಸಲ್ಟಿಂಗ್ ಮಾಡುವವರು ಇದ್ದಾರೆ. ನಾನೂ ಅವರಲ್ಲಿ ಒಬ್ಬನಾದೆ. ಹಬ್ಬದ ಊಟಗಳಲ್ಲಿ ತಟ್ಟೆ ಹಿಡಿದು ನಿಂತು, ‘ಸದ್ಯಕ್ಕೆ ಕನ್ಸಲ್ಟಿಂಗು’ ಅನ್ನುತ್ತಿದ್ದೆ. ಎದುರಿಗಿದ್ದವನು, ‘ನಾನೂ’ ಅನ್ನುತ್ತಿದ್ದ. ಇಬ್ಬರೂ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದೆವು.

ಹೆಂಡತಿಯ ಆಸ್ಪತ್ರೆಯ ಕೆಲಸದಿಂದ ಮನೆ ನಡೆಯುತ್ತಿತ್ತು. ನಡೆಯದೆ ನಿಂತದ್ದು ನಾನು. ಐವತ್ತು ದಾಟಿದ ಮನುಷ್ಯ ನಡುಮನೆಯಲ್ಲಿ ಕೂತು, ಅಂಚೆಯವಳು ಎಷ್ಟು ಹೊತ್ತಿಗೆ ಬರುತ್ತಾಳೆ ಎಂಬುದರಲ್ಲಿ ಪಾಂಡಿತ್ಯ ಸಂಪಾದಿಸುತ್ತಿದ್ದೆ. ಮುಂದೆ ನನ್ನಿಂದ ಯಾವುದಾದರೂ ಕೆಲಸ ಆದೀತೇ, ಅಥವಾ ನನ್ನ ಕಥೆ ಇಷ್ಟೇ ಏನು ಎಂಬ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತದಿರುವ ಸದ್ದು ಬಹಳ ಜೋರಾಗಿ ಕೇಳುತ್ತಿತ್ತು.

ಕಡೆಗೆ, ಎಲ್ಲರೂ ಹೇಳುತ್ತಾರಲ್ಲ ಎಂದು, ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಡೇಟಾ ಸೈನ್ಸ್ ಕೋರ್ಸಿಗೆ ಸೇರಿದೆ. ನನ್ನ ಸಹಪಾಠಿಗಳು ನನ್ನ ಮಗಳಿಗಿಂತ ಚಿಕ್ಕವರು. ಮೊದಲ ಪರೀಕ್ಷೆಯಲ್ಲಿ ಬಂದ ಅಂಕವನ್ನು ಇಲ್ಲಿ ಬರೆಯುವುದಿಲ್ಲ. ಮೈಸೂರಿನ ನಮ್ಮ ವಂಶದಲ್ಲಿ ಅಂಥ ಅಂಕವನ್ನು ಯಾರೂ ಕಂಡಿರಲಿಲ್ಲ ಎಂದಷ್ಟೇ ದಾಖಲಿಸುತ್ತೇನೆ.

ಮಗಳು ಆಗ ಇಲ್ಲಿಯೇ ಸ್ಯಾನ್ ಹೋಸೆಯಲ್ಲಿ ಕಾಲೇಜು ಓದುತ್ತಿದ್ದಳು. ಕನ್ನಡ ಅವಳ ಕಿವಿಗೆ ಪೂರ್ತಿ ಬರುತ್ತದೆ, ಬಾಯಿಗೆ ಅರ್ಧ. “ಅಪ್ಪಾ, ಅಕ್ಕೋರಿಗೆ ರೈಡ್ ಕೊಡು. ಪ್ಲೀಸ್” ಅಂದಳು.

“ಅದು ಕಾಲೇಜು ಮಕ್ಕಳಿಗೆ ಕಣೆ.”

“ಅಪ್ಪಾ. ಯು ಆರ್ ಇನ್ ಕಾಲೇಜ್.”

ಅಕ್ಕೋರಿಗೆ ಫೋನ್ ಮಾಡಿದೆ. ಅವರು ನಿಯಮವನ್ನು ಎಳ್ಳಷ್ಟೂ ಸಡಿಲಿಸಲಿಲ್ಲ. “ಪೋಷಕರು ಯಾರ್ರೀ ನಿಮಗ?”

“ಅಕ್ಕೋರೇ, ತಂದೆತಾಯಿ ಇಬ್ಬರೂ ಹೋಗಿ ಬಹಳ ವರ್ಷ ಆಯ್ತು.”

“ಪಾಪ. ಹಂಗಿದ್ರ ಮಗಳನ್ನ ಕರ್ಕೊಂಡ್ ಬರ್ರಿ.”

ಹೀಗೆ ಒಂದು ಶನಿವಾರ ನನ್ನ ಹಳೆಯ ಗಾಡಿಯಲ್ಲಿ, ಮುಂದಿನ ಸೀಟಿನಲ್ಲಿ ಅಕ್ಕೋರು, ಹಿಂದಿನ ಸೀಟಿನಲ್ಲಿ ನನ್ನ ಪೋಷಕಳು, ಸ್ಟೇರಿಂಗಿನ ಹಿಂದೆ ವಿದ್ಯಾರ್ಥಿ. ಅಕ್ಕೋರು ಕೂತವರೇ, “ಏನ್ರೀ ಸಾಹೇಬ್ರ, ಭಾಳ ಚಲೋ ಗಾಡಿ. ಇದರ ಸೀಟಿನಂಥಾ ಸೀಟು ನಾ ಎಲ್ಲೂ ನೋಡಿಲ್ಲ” ಅಂದರು. ನನಗೆ ಹಿಗ್ಗಾಯಿತು. “ಈಗ ಏನ್ ಮಾಡ್ಲಿಕತ್ತೀರಿ?”

“ಸದ್ಯಕ್ಕೆ ಕನ್ಸಲ್ಟಿಂಗ್ ಅಕ್ಕೋರೇ.”

ಟಪ್.

ಹಿಂದಿನಿಂದ ನಗುವನ್ನು ನುಂಗುವ ಸದ್ದು ಬಂತು. ಸಿಗ್ನಲ್ಲಿನಲ್ಲಿ ಕೆಂಪು ದೀಪ ಇತ್ತು. ಅದು ಹಸಿರಾಗುವ ಹೊತ್ತಿಗೆ ನಾನು, “ಕೆಲಸ ಹೋಯ್ತು ಅಕ್ಕೋರೇ. ಮನೆಯಲ್ಲೇ ಇದ್ದೀನಿ. ಪರೀಕ್ಷೆಯಲ್ಲಿ ಫೇಲಾದೆ” ಅಂದೆ. ಅಷ್ಟೊಂದು ಜನರ ನಡುವೆ ಅಷ್ಟು ಕಾಲ ಹೊತ್ತು ತಿರುಗಿದ್ದ ಮಾತು, ಒಂದು ಎಡ ತಿರುವಿನಲ್ಲಿ ಇಳಿದುಹೋಯಿತು.

“ಹೆಂಗ ಓದಿದ್ರಿ?”

ಅಧ್ಯಾಯಗಳನ್ನು ಮತ್ತೆ ಮತ್ತೆ ಓದಿದ್ದನ್ನೂ, ಹಳದಿ ಹೈಲೈಟರಿನಿಂದ ಸಾಲುಸಾಲು ಗುರುತು ಮಾಡಿದ್ದನ್ನೂ ವಿವರಿಸಿದೆ. ಪುಸ್ತಕ ಹಿಂದಿನ ಸೀಟಿನಲ್ಲೇ ಇತ್ತು. ಮಗಳು ಮಾತಾಡದೆ ಅದನ್ನು ಮುಂದಕ್ಕೆ ಚಾಚಿದಳು. ನಿಯಮದಲ್ಲಿ ಕೈಗೆ ನಿಷೇಧವಿರಲಿಲ್ಲ. ಅಕ್ಕೋರು ನಾಲ್ಕು ಹಾಳೆ ತಿರುವಿದರು. “ಅಯ್ಯ, ಪೂರ್ತಿ ಅರಿಶಿಣ ಹಚ್ಚೀರಲ್ರೀ! ಓದ್ಲಿಕ್ಕೆ ತಂದೀರೋ, ಮದುವಿ ಮಾಡಿಕೊಡ್ಲಿಕ್ಕೆ ತಂದೀರೋ?”

ಆಮೇಲೆ ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು, “ಮೂರನೇ ಅಧ್ಯಾಯ ಏನ್ ಹೇಳ್ತದ? ನನಗ ತಿಳಿಯೂಹಂಗ ಹೇಳ್ರಿ” ಅಂದರು. ನಾನು ಬಾಯಿ ತೆರೆದೆ. ಒಳಗೆ ಏನೂ ಇರಲಿಲ್ಲ. ಹಾಳೆಯ ಯಾವ ಮೂಲೆಯಲ್ಲಿ ಯಾವ ಚಿತ್ರವಿತ್ತು ಎಂಬುದೆಲ್ಲ ಕಣ್ಣಿಗೆ ಕಟ್ಟಿತ್ತು. ಅದು ಏನು ಹೇಳುತ್ತಿತ್ತು ಎಂಬುದು ಮಾತ್ರ ಬರಲಿಲ್ಲ.

“ಅದೇ ನೋಡ್ರಿ. ಓದಿ ಓದಿ ಅದರ ಮಾರಿ ಗುರ್ತಾಗೇದ. ಗುರ್ತಿದ್ದದ್ದು ಬ್ಯಾರೆ, ಬರೂದು ಬ್ಯಾರೆ. ರಸ್ತಾದಾಗ ದಿನಾ ನೋಡಿದವ್ರೆಲ್ಲಾ ನಮ್ಮ ಬಳಗ ಆಗ್ತಾರೇನು? ಒಮ್ಮೆ ಓದ್ರಿ, ಮುಚ್ರಿ, ಹೇಳ್ರಿ. ಎಲ್ಲಿ ತೊದಲ್ತೀರಿ ಅಲ್ಲಿ ಅಷ್ಟೇ ಮತ್ತ ತೆಗೀರಿ. ನಾಳೆ ಅರ್ಧ ಮರೀತೀರಿ. ಮರೀಲಿ. ಮರತದ್ದನ್ನ ಹುಡುಕಿ ತಗಿಯೂದೇ ಓದೂದು.”

ಎಷ್ಟು ಹೊತ್ತಿಗೆ ಓದಬೇಕು ಎಂದು ಕೇಳಿದೆ. “ಓದ್ತೀನಿ ಅಂತ ಸಂಕಲ್ಪ ಮಾಡಬ್ಯಾಡ್ರಿ, ಸಂಕಲ್ಪಕ್ಕ ಕಾಲಿಲ್ಲ. ಮಧ್ಯಾಹ್ನ ಚಹಾ ಕುಡಿದು ಕಪ್ಪು ತೊಳದಕೂಡ್ಲೇ ಕೂಡ್ತೀನಿ ಅನ್ರಿ. ಕಪ್ಪು ತೊಳದದ್ದು ಕೈಗೆ ಗೊತ್ತಾಗ್ತದ, ಕೈ ಪುಸ್ತಕ ತಗೀತದ.” ಅಂದಿನಿಂದ ಹಾಗೆಯೇ ಮಾಡಿದೆ. ಓದು ಹತ್ತಿತೋ ಇಲ್ಲವೋ, ನಾನು ಕಪ್ಪು ತೊಳೆಯುತ್ತೇನೆ ಎಂಬ ಸಂಗತಿ ನಮ್ಮ ದಾಂಪತ್ಯದಲ್ಲಿ ಒಂದು ಹೊಸ ಯುಗವನ್ನೇ ತೆರೆಯಿತು. ರಾತ್ರಿ ನಿದ್ದೆಗೆಟ್ಟು ಓದುವುದನ್ನಂತೂ ಕಟ್ಟುನಿಟ್ಟಾಗಿ ನಿಲ್ಲಿಸಿದರು. “ಚಪಾತಿ ಹಿಟ್ಟು ನಾದಿ ಸ್ವಲ್ಪ ಬಿಡ್ತೀರೋ ಇಲ್ಲೋ? ತಲಿನೂ ಹಂಗ.”

ಅಂಕಗಳು ಮೇಲೇರಿದವು. ನಾನು ಮತ್ತೆ ಶನಿವಾರಗಳಂದು, ಈ ಸಲ ಸ್ವಲ್ಪ ಎದೆಯುಬ್ಬಿಸಿ ರೈಡ್ ಕೊಡತೊಡಗಿದೆ. ಮಗಳೂ ಬರುತ್ತಿದ್ದಳು. ಮೊದಲ ಸಲದ ಕಡ್ಡಾಯ ಮುಗಿದಿದ್ದರೂ, ಅಪ್ಪ ಬೈಸಿಕೊಳ್ಳುವುದನ್ನು ಬೇರೆ ಎಲ್ಲಿ ನೋಡಲು ಸಿಗುತ್ತದೆ?

ಹಾಗಿರುವಾಗ ಒಂದು ದಿನ ಅಕ್ಕೋರು ಕೇಳಿದರು: “ಪಾಸಾಗ್ತೀರಿ. ಮುಂದ? ಆ ಕೆಲಸದ ಮಂಗಳವಾರ ಹೆಂಗಿರ್ತದ?”

ನನಗೆ ಅರ್ಥವಾಗಲಿಲ್ಲ.

“ಸೋಮವಾರ ಎಲ್ಲಾರಿಗೂ ಸಂಕಟ, ಶುಕ್ರವಾರ ಎಲ್ಲಾರಿಗೂ ಹಿಗ್ಗು. ಅವೆರಡನ್ನೂ ನಂಬಬ್ಯಾಡ್ರಿ. ಮಂಗಳವಾರ ನಡಬರಕ ಆ ನೌಕರಿಯೊಳಗ ಮನಶ್ಯಾ ಏನ್ ಮಾಡ್ತಾನ? ನಿಂತಿರ್ತಾನೋ, ಕೂತಿರ್ತಾನೋ? ಯಾರ ಜೋಡಿ ಮಾತಾಡ್ತಾನ? ಸಂಬಳ, ಹೆಸರು ಆಮ್ಯಾಲೆ. ಹೋಗಿ ಒಂದು ಮಂಗಳವಾರ ನೋಡಿ ಬರ್ರಿ.”

ಹಳೆಯ ಸ್ನೇಹಿತನೊಬ್ಬ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದೇ ಕೆಲಸದಲ್ಲಿದ್ದ. ಬೆರ್ರಿಯೆಸಾದಲ್ಲಿ ರೈಲು ಹತ್ತಿ ಹೋಗಿ, ಅವನ ಪಕ್ಕ ಒಂದು ಮಂಗಳವಾರ ಕೂತು ಬಂದೆ. ಬೆಳಿಗ್ಗೆ ಮೀಟಿಂಗು. ಆ ಮೀಟಿಂಗಿನಲ್ಲಿ ನಡೆದದ್ದನ್ನು ಹೇಳಲು ಇನ್ನೊಂದು ಮೀಟಿಂಗು. ಮಧ್ಯಾಹ್ನ ಇವೆರಡರ ಸ್ಲೈಡು. ನಾನು ಬಿಟ್ಟುಬಂದ ಮಂಗಳವಾರವೇ ಹೊಸ ಅಂಗಿ ಹಾಕಿಕೊಂಡು ಕೂತಿತ್ತು. ಮುಂದಿನ ಶನಿವಾರ ವರದಿ ಒಪ್ಪಿಸಿ, “ಹಾಗಾದರೆ ನನಗೆ ಯಾವ ಕೆಲಸ ಹೇಳಿ ಅಕ್ಕೋರೇ?” ಅಂದೆ.

“ನಾ ಯಾಕ ಹೇಳ್ಲಿ? ನೀವೇ ವಾರಾ ವಾರಾ ಹೇಳ್ತೀರಿ.”

“ನಾನಾ?”

“ನಮ್ಮ ಓಣಿಯಿಂದ ಇಳಿಯೂಮುಂದ ಯಾರದೋ ಅಂಗಳದ ಸ್ಪ್ರಿಂಕ್ಲರ್ ಒಡದು ಫುಟ್‌ಪಾತ್ ಮ್ಯಾಲೆ ನೀರು ಹರೀತಿರ್ತದ. ಪ್ರತಿ ಸರ್ತಿ ಬೈತೀರಿ. ಮೂಲಿ ತಿರುಗೂತನಕ ಬೈತೀರಿ. ಗುಡ್ಡ ಒಣಗಿದ್ರ, ಕೆರಿ ತಳ ಕಂಡ್ರ ನೀರಿನ ಲೆಕ್ಕಾ ಹಾಕ್ತೀರಿ. ನಿಮ್ಮನ್ನ ಮನ್ಯಾಗ ಕೂಡಿಸಿದ ಕಂಪನಿಗೆ ಒಂದು ಸರ್ತಿನೂ ಬೈದಿಲ್ಲ. ಏನ್ ಸೇರ್ತದ ಅಂತ ಕೇಳಿದ್ರ ಮಂದಿ ಚಂದಾಗಿ ಸುಳ್ಳ ಹೇಳ್ತಾರ. ಯಾವುದು ಕೆಟ್ರ ಸಿಟ್ಟು ಬರ್ತದ, ಅದನ್ನ ನೋಡ್ಬೇಕು.”

ಕನ್ನಡಿಯಲ್ಲಿ ನೋಡಿದೆ. ಮಗಳು ಜೋರಾಗಿ ತಲೆಯಾಡಿಸುತ್ತಿದ್ದಳು. ತಲೆಗೂ ನಿಷೇಧವಿರಲಿಲ್ಲ.

ಕುಡಿಯುವ ನೀರನ್ನು ಶುದ್ಧ ಮಾಡುವ ಸ್ಥಾವರವೊಂದನ್ನು ಸಾರ್ವಜನಿಕರಿಗೆ ತೋರಿಸುತ್ತಾರೆಂದು ಹುಡುಕಿ, ಮಂಗಳವಾರವೇ ಹೋದೆ. ದೊಡ್ಡ ತೊಟ್ಟಿಗಳಲ್ಲಿ ಕೆಸರು ನಿಧಾನವಾಗಿ ತಳ ಸೇರುತ್ತಿತ್ತು. ಅಲ್ಲಿನ ಆಪರೇಟರ್ ಒಬ್ಬಳು ಗಾಜಿನ ಸೀಸೆಯಲ್ಲಿ ನೀರು ಹಿಡಿದು ಬೆಳಕಿಗೆ ಎತ್ತಿ ನೋಡಿದಳು, ಅಳೆದಳು, ಬರೆದಿಟ್ಟಳು, ಪಂಪಿನ ಸದ್ದಿಗೆ ಕಿವಿಗೊಟ್ಟು ಮುಂದಿನ ತೊಟ್ಟಿಗೆ ನಡೆದಳು. ಊರಿಗೆ ಊರೇ ಅದನ್ನು ಕುಡಿಯುತ್ತಿತ್ತು, ಯಾರೂ ಸ್ಲೈಡು ಕೇಳಿರಲಿಲ್ಲ. ತಪ್ಪು ಹುಡುಕುವುದೇ ಅಲ್ಲಿಯೂ ಕೆಲಸ. ಆದರೆ ಇಲ್ಲಿ ತಪ್ಪು ಸಿಗದಿದ್ದರೆ ಸಂತೋಷಪಡಬಹುದಿತ್ತು.

ಅದೇ ಕಾಲೇಜಿನಲ್ಲಿ ನೀರಿನ ಕೋರ್ಸೂ ಇತ್ತು. ಸೇರಿದೆ. ಕೊನೆಯಲ್ಲಿ, ಆಪರೇಟರ್ ಆಗಲು ರಾಜ್ಯ ಸರ್ಕಾರ ನಡೆಸುವ ಪರೀಕ್ಷೆ. ಶನಿವಾರಗಳಲ್ಲಿ ಈಗ ಕ್ಲೋರಿನ್ನು, ಮರಳಿನ ಫಿಲ್ಟರು, ಪಂಪಿನ ಒತ್ತಡ. ಒಮ್ಮೆ, ನೀರಿನಲ್ಲಿ ಕ್ಲೋರಿನ್ ಎಷ್ಟು ಹೊತ್ತು ಇರಬೇಕು, ಯಾಕೆ ಇರಬೇಕು ಎಂದು ಅಕ್ಕೋರಿಗೆ ಹೇಳುವ ಭರದಲ್ಲಿ ಫ್ರೀವೇಯಿಂದ ನಾವು ಇಳಿಯಬೇಕಿದ್ದ ಎಕ್ಸಿಟ್ಟು ಹಿಂದಾಗಿ, ಡೌನ್‌ಟೌನಿನ ಕಟ್ಟಡಗಳು ಕಂಡಾಗಲೇ ನನಗೆ ಎಚ್ಚರ. ನಾಚಿಕೆಯಿಂದ ಕ್ಷಮೆ ಕೇಳಿದೆ. ಅಕ್ಕೋರು ಬಹಳ ಪ್ರಸನ್ನರಾಗಿದ್ದರು. “ಯಾವ ಹುಡುಗ ಎಕ್ಸಿಟ್ ಮರೀತಾನ, ಅವಗ ಕೋರ್ಸ್ ಹತ್ತೇದ ಅಂತ ತಿಳಕೋತೀನಿ. ಸಾವಕಾಶ ತಿರುಗಿಸ್ರಿ. ಫ್ರೀಜರ್‌ನಾಗ ಇಡೋ ಸಾಮಾನೇನೂ ತಗೊಂಡಿಲ್ಲ.”

ಅವರನ್ನು ನಾನು ದೇವತೆ ಮಾಡಿ ಕೂಡಿಸುತ್ತಿಲ್ಲ. ಎ.ಸಿ. ಹಾಕಲು ಬಿಡುತ್ತಿರಲಿಲ್ಲ. ಸಕ್ಕರೆ ಕಾಯಿಲೆಯಿದ್ದೂ ಗ್ರೋಸರಿಯಿಂದ ಪೇಡೆ ತಂದು ಗಾಡಿಯಲ್ಲೇ ಮುಗಿಸಿ, ಖಾಲಿ ಡಬ್ಬಿಯನ್ನು ನಮ್ಮ ಮನೆಯ ಕಸಕ್ಕೆ ಹಾಕಿಸುತ್ತಿದ್ದರು. ತಾವು ಕಲಿಸಿದ ಹುಡುಗಿಯರ ಪ್ರಸ್ತಾಪ ಬಂದರೆ ಜಂಬಕ್ಕೆ ಮಿತಿಯಿರಲಿಲ್ಲ. ಒಮ್ಮೆ ಕೇಳಿದೆ: “ನಿಮ್ಮ ಮಗನಿಗೂ ಹೀಗೇ ಬುದ್ಧಿ ಹೇಳ್ತೀರಾ ಅಕ್ಕೋರೇ?”

ಹೆಬ್ಬೆರಳು ಪಟ್ಟಿಯ ಅಡಿಯಲ್ಲೇ ಇತ್ತು. “ಮನ್ಯಾಗ ನಾ ಹಿಂದಿನ ಸೀಟು” ಅಂದರು. ಅಲ್ಲಿಗೆ ಆ ವಿಷಯ ಮುಗಿಯಿತು.

ಪರೀಕ್ಷೆ ಹತ್ತಿರ ಬಂದಾಗ ಹಳೆಯ ಕಂಪನಿಯ ಮ್ಯಾನೇಜರನ ಫೋನು ಬಂತು. ಕಾಂಟ್ರಾಕ್ಟ್ ಕೆಲಸ, ಹಳೆಯ ಪದವಿ, ಹಳೆಯ ಕಟ್ಟಡ. ತಕ್ಷಣ ಸೇರಬೇಕು. ಸೇರಿದರೆ ಪರೀಕ್ಷೆ ಬಿಟ್ಟಂತೆ. ಮರಳಿ ಆ ಬ್ಯಾಡ್ಜು ಕೊರಳಿಗೆ ಹಾಕಿಕೊಂಡು ಹಬ್ಬದ ಊಟಕ್ಕೆ ಹೋಗುವ ಚಿತ್ರ ಕಣ್ಣ ಮುಂದೆ ಬಂದು ನಿಂತಿತು. ಇದೊಂದು ವರ್ಷ ನಡೆದೇ ಇಲ್ಲವೆಂಬಂತೆ ಇದ್ದುಬಿಡಬಹುದು. ಸೋಮವಾರದೊಳಗೆ ಉತ್ತರ ಕೊಡಬೇಕಿತ್ತು. ಶನಿವಾರ ಅಕ್ಕೋರಿಗೆ ರೈಡ್ ಇತ್ತು.

ಎಲ್ಲವನ್ನೂ ಹೇಳಿ, “ಏನು ಮಾಡಲಿ?” ಅಂದೆ.

“ನಾ ಪ್ಯಾಸೆಂಜರ್ ಇದ್ದೀನ್ರೀ. ಗಾಡಿ ನಿಮ್ಮದು.”

“ಸುಮ್ಮನೆ ಅಭಿಪ್ರಾಯ ಹೇಳಿ.”

“ಆ ಮಂಗಳವಾರ ನಿಮಗ ಗೊತ್ತದ. ಈ ಮಂಗಳವಾರಾನೂ ಗೊತ್ತದ. ನನಗ ಎರಡೂ ಗೊತ್ತಿಲ್ಲ.”

“ಹಳೇ ಕೆಲಸ ಸುಖವಾಗಿಯೇ ಇತ್ತು ಅಕ್ಕೋರೇ” ಅಂದೆ. ಹೆಬ್ಬೆರಳಿನ ಸದ್ದಿಗೆ ಕಾದೆ. ಬರಲಿಲ್ಲ. ಬದಲಿಗೆ ಹಿಂದಿನ ಸೀಟಿನಿಂದ ಮಾತು ಬಂತು, ಅದೂ ಕನ್ನಡದಲ್ಲಿ.

“ಅಪ್ಪಾ, ನೀನು ಆ ಆಫೀಸಿಂದ ಬಂದು ಡಿನ್ನರ್‌ನಲ್ಲಿ ಏನೂ ಹೇಳ್ತಿರಲಿಲ್ಲ. ಎಲ್ಲಾ ವರ್ಷ. ನೀನು ಏನ್ ಕೆಲಸ ಮಾಡ್ತೀಯ ಅಂತ ನಂಗೆ ಗೊತ್ತೇ ಇರಲಿಲ್ಲ. ಫ್ರೆಂಡ್ಸ್ ಕೇಳಿದ್ರೆ ಚಿಪ್ಸ್ ಅಂತಿದ್ದೆ. ಈಗ... ಈಗ ನೀನು ನೀರು ನೀರು ನೀರು. ಅಮ್ಮಂಗೂ ಬೋರ್ ಆಗತ್ತೆ. ಆದ್ರೆ ನಾವು ಕೇಳ್ತೀವಿ. ನಂಗೆ ಫಿಲ್ಟರ್ ಹೇಗೆ ತೊಳೀತಾರೆ ಅಂತ ಗೊತ್ತು.”

ಅವಳು ಒಟ್ಟಿಗೆ ಅಷ್ಟು ಕನ್ನಡ ಮಾತಾಡಿದ್ದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ. ಅವಳಿಗೂ ತಾನು ಕಾನೂನು ಮುರಿದದ್ದು ಹೊಳೆದು, ಗ್ರೋಸರಿ ಬಂದಾಗ ತಾನಾಗಿಯೇ ಬಾಗಿಲು ತೆರೆದು, “ಕೊತ್ತಂಬರಿ?” ಎಂದು ಕೇಳಿದಳು.

“ನೀ ಕೂಡವ್ವ” ಅಂದರು ಅಕ್ಕೋರು. “ಇವತ್ತ ನಾ ತರ್ತೀನಿ.”

ಬಿಳಿ ಶೂ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು, ಒಬ್ಬರೇ ಒಳಗೆ ಹೋದರು. ಎಲೆ ಎಲೆ ನೋಡಿ ಆರಿಸಿದರೆಂದು ಕಾಣುತ್ತದೆ. ಹೊರಗೆ ಬರುವ ಹೊತ್ತಿಗೆ ನಾನು ಮ್ಯಾನೇಜರನಿಗೆ ಫೋನ್ ಮಾಡಿ ಮುಗಿಸಿದ್ದೆ.

ಪರೀಕ್ಷೆ ಪಾಸಾಯಿತು. ಸ್ವಲ್ಪ ಕಾಲ ಕಳೆದು ಒಂದು ನೀರಿನ ಸ್ಥಾವರದಲ್ಲಿ ತರಬೇತಿಯ ಆಪರೇಟರ್ ಆದೆ. ಆ ಗುಂಪಿನಲ್ಲಿ ಅತ್ಯಂತ ಹಿರಿಯನೂ ನಾನೇ, ಅತ್ಯಂತ ಕಿರಿಯನೂ ನಾನೇ. ಆಮೇಲೆ ಅಕ್ಕೋರು ನಮ್ಮ ಮನೆಗೆ ಬಂದಾಗಲೆಲ್ಲ ಕುಡಿಯುವ ಮೊದಲು ಲೋಟವನ್ನು ಬೆಳಕಿಗೆ ಎತ್ತಿ ಹಿಡಿದು, “ಇದರಾಗ ನಿಮ್ಮದೆಷ್ಟ್ರೀ ಸಾಹೇಬ್ರ?” ಅನ್ನುತ್ತಿದ್ದರು. ನಮ್ಮ ಗುಡ್ಡಕ್ಕೆ ಬರುವ ನೀರು ನಮ್ಮ ಸ್ಥಾವರದ್ದಲ್ಲ ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಳ್ಳದಿದ್ದದ್ದು ನನಗೆ ಸಂತೋಷವೇ.

ಕಳೆದ ಚಳಿಗಾಲದಲ್ಲಿ, ಮಧ್ಯಾಹ್ನದ ನಿದ್ದೆಯಲ್ಲಿ, ಯಾರಿಗೂ ತೊಂದರೆ ಕೊಡದೆ ಹೋದರು. ಫ್ಯೂನರಲ್ ಹೋಮಿನ ಪಾರ್ಕಿಂಗ್ ಲಾಟಿನಲ್ಲಿ ಜಾಗವೇ ಇರಲಿಲ್ಲ. ಎಲ್ಲಿ ನೋಡಿದರೂ ಹುಡುಗ ಹುಡುಗಿಯರು, ಹುಡುಗ ಹುಡುಗಿಯರಾಗಿದ್ದು ಈಗ ಡಾಕ್ಟರು, ನರ್ಸು, ಟೀಚರು ಆದವರು, ಒಬ್ಬ ಬೇಕರಿ ಇಟ್ಟವನು. ಸಾಲಿನಲ್ಲಿ ನಿಂತಾಗ ನನ್ನ ಮುಂದಿದ್ದ ಹುಡುಗಿ ಕಣ್ಣೊರೆಸಿಕೊಂಡು, “ಅವರಿಗೆ ನನ್ನ ಕಾರ್ ತುಂಬಾ ಇಷ್ಟ ಇತ್ತು ಅಂಕಲ್. ಇಂಥಾ ಸೀಟು ಎಲ್ಲೂ ನೋಡಿಲ್ಲ ಅಂತಿದ್ರು” ಅಂದಳು. ಹಿಂದಿದ್ದವನು ತಟ್ಟನೆ ತಲೆಯೆತ್ತಿದ. ಅವನ ಹಿಂದಿದ್ದವಳೂ. ಆ ಶೋಕದ ನಡುವೆಯೂ ಆ ಸಾಲಿನಲ್ಲಿ ಒಂದು ಮೌನ ವಿಚಾರಣೆ ನಡೆದು, ಎಲ್ಲರಿಗೂ ಒಂದೇ ತೀರ್ಪು ಸಿಕ್ಕಿತು.

ಅವರ ಮಗ ಬಾಗಿಲ ಬಳಿ ನಿಂತು ಎಲ್ಲರಿಗೂ ಕೈಮುಗಿಯುತ್ತಿದ್ದರು. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: “ಇಷ್ಟ ಮಂದಿ ಎಲ್ಲಿಂದ ಬಂದಾರ್ರೀ? ಎಲ್ಲಾರೂ ಗಾಡ್ಯಾಗ ಮಾತಾಡ್ತಿದ್ರು, ಮಾತಾಡ್ತಿದ್ರು ಅಂತಾರ. ನನ್ನ ಗಾಡ್ಯಾಗ ಅಮ್ಮ ಮಾತೇ ಆಡ್ತಿದ್ದಿಲ್ಲ. ಮುಂದ ಕೂಡ ಅಂದ್ರೂ ಕೂಡ್ತಿದ್ದಿಲ್ಲ. ಹಿಂದ ಕೂತು ಸುಮ್ನ ಇರ್ತಿದ್ಲು. ಆಫೀಸಿಂದು, ಮನಿದು, ಎಲ್ಲಾ ನಾನೇ ಬಡಬಡಿಸ್ತಿದ್ದೆ. ನಿದ್ದಿ ಹತ್ತೇದ ಅನ್ಕೊಂಡಿದ್ದೆ.”

“ನಿದ್ದೆಯಲ್ಲ” ಅಂದೆ. “ಆ ಸೀಟಿನಲ್ಲಿ ಕೂತವರು ಪೂರ್ತಿ ಕೇಳಿಸಿಕೊಳ್ಳಬೇಕು ಅಂತ ಅವರದೇ ನಿಯಮ.” ಹಿಂದಿನ ಸೀಟು ಯಾರದು, ಯಾಕೆ ಎಂಬುದನ್ನೆಲ್ಲ ಹೇಳಿದೆ. ಅವರು ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದರು. ಸಾಲು ನಿಂತುಹೋಯಿತು. ಯಾರೂ ಅವಸರ ಮಾಡಲಿಲ್ಲ.

ಹಿಂದಿರುಗುವಾಗ ಮಗಳು ಅಭ್ಯಾಸಬಲದಿಂದ ಹಿಂದಿನ ಬಾಗಿಲು ತೆರೆದು ಕೂತಳು. ಮುಂದಿನ ಸೀಟು ಖಾಲಿ. ಮುಂದೆ ಬಾ ಅಂತ ನಾನು ಅನ್ನಲಿಲ್ಲ, ಅವಳೂ ಕದಲಲಿಲ್ಲ. ಫ್ರೀವೇ ಹತ್ತಿದ ಮೇಲೆ ಹಿಂದಿನಿಂದ ಪ್ರಶ್ನೆ ಬಂತು. “ಅಪ್ಪಾ, ನಿನ್ನ ಮಂಗಳವಾರ ಹೇಗಿತ್ತು?”

ಹೇಳತೊಡಗಿದೆ. ಮಳೆ ಬಂದು ನೀರು ಕದಡಿದ್ದು, ಫಿಲ್ಟರು ಬೇಗ ಕಟ್ಟಿಕೊಂಡದ್ದು, ತೊಳೆಯಲು ಇಳಿದಾಗ ಪಂಪಿನ ಸದ್ದಿನಲ್ಲಿ ಏನೋ ಬೇರೆ ಕೇಳಿಸಿದ್ದು. ಸುಮ್ಮನೆ ಕೇಳುತ್ತಿದ್ದಳು. ಎದುರಿಗೆ ನಮ್ಮ ಎಕ್ಸಿಟ್ಟಿನ ಹಸಿರು ಬೋರ್ಡು ಬಂತು. ಈ ಸಲ ನನಗೆ ಅದು ಚೆನ್ನಾಗಿಯೇ ಕಂಡಿತು. ಪಂಪಿನ ಕಥೆ ಇನ್ನೂ ಮುಗಿದಿರಲಿಲ್ಲ. ನೇರ ಓಡಿಸಿದೆ. ಹಿಂದಿನ ಸೀಟು ಏನೂ ಅನ್ನಲಿಲ್ಲ.